ಗೊರಬಲಿಗೂ ಒಂದು ಕಪ್ ಕೊಡಿ ಮಾರಾಯ್ರೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮ ಕಂಪ್ಯೂಟರ್ ಫುಟ್‌ಬಾಲ್ ಲೀಗ್ ಮುಗಿಯಿತು. ಮೃಗಶಿರಾ ಮಳೆಗೆ ಶುರುವಾಗಿದ್ದು, ಹಸ್ತಾ ಮಳೆಗೆ ಮುಗಿಯಿತು. 10 ತಂಡ, 18 ಭಾನುವಾರ, 90 ಪಂದ್ಯ. ಮುಗಿದ ಮೇಲೆ ಎಂತ ಆಯ್ತು ಗೊತ್ತಾ? ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ನಮ್ಮ ದೊರೆ ಅಂಕಪಟ್ಟಿಯ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ. ಅದೂ ಓರೆಯಾಗಿ, ಟ್ಯೂಬ್‌ಲೈಟ್ ಹೊಳೆಯುವ ಹಾಗೆ. ಕೆಳಗೆ ಒಂದು ಕಪ್ಪಿನ ಚಿತ್ರ. 'ಗೆದ್ದ ಸಾಗರ ತಂಡಕ್ಕೆ ಅಭಿನಂದನೆ. ಗುಡ್ ನೈಟ್.' ಉಳಿದವರು ಹೆಬ್ಬೆಟ್ಟು ಒತ್ತಿ ಮಲಗಿದರು.

ನಾನು ಮಲಗಲಿಲ್ಲ. 'ಪ್ರಶಸ್ತಿ ಎಲ್ಲಿ ಮಾರಾಯ?' ಅಂತ ಕೇಳಿದೆ.

'ಎಂತ ಪ್ರಶಸ್ತಿ?'

'ಸೀಸನ್ನಿನ ಒಳ್ಳೆ ಆಟಗಾರ, ಒಳ್ಳೆ ಡಿಫೆಂಡರ್, ಒಳ್ಳೆ ಕೀಪರ್. ನಾವು ಹತ್ತು ಜನ ಓಟು ಹಾಕಿ ಕೊಡುವಾ.'

'ಕಂಪ್ಯೂಟರ್ ಆಡಿದ್ದಕ್ಕೆ ಪ್ರಶಸ್ತಿ ಯಾರಿಗೆ ಕೊಡುದು? ಕೀಬೋರ್ಡಿಗಾ?'

ಇದಕ್ಕೆ ಏಳು ಜನ ಕಣ್ಣೀರು ಬರುವ ಹಾಗೆ ನಗುವ ಮುಖ ಒತ್ತಿದರು. ಅದರಲ್ಲಿ ನನ್ನ ಸ್ವಂತ ಭಾಮೈದನೂ ಒಬ್ಬ. ದೀಪಾವಳಿಗೆ ಮನೆಗೆ ಬರುತ್ತಾನಲ್ಲ, ಬರಲಿ.

ನಮ್ಮ ಈ ಹುಚ್ಚು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಫುಟ್‌ಬಾಲ್ ಮ್ಯಾನೇಜರ್ ಅನ್ನುವ ಗೇಮ್. ಇದರಲ್ಲಿ ನಾವು ಚೆಂಡು ಒದೆಯುವುದಿಲ್ಲ. ತಂಡ ಕಟ್ಟುತ್ತೇವೆ, ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುತ್ತೇವೆ, ಆಮೇಲೆ ಕಂಪ್ಯೂಟರ್ ಪಂದ್ಯ ಆಡಿಸುತ್ತದೆ. ಒಬ್ಬೊಬ್ಬ ಆಟಗಾರನ ಪಾಸಿಂಗ್, ಟ್ಯಾಕ್ಲಿಂಗ್, ವೇಗ, ಧೈರ್ಯ ಎಲ್ಲಕ್ಕೂ 1ರಿಂದ 20ರವರೆಗೆ ಅಂಕ. ಕಣ್ಣಿಗೆ ಕಾಣದ ಗುಣಗಳೂ ಒಳಗೆ ಇರುತ್ತವೆ. ದೊಡ್ಡ ಪಂದ್ಯದಲ್ಲಿ ಒಬ್ಬ ಎದ್ದು ನಿಲ್ಲುತ್ತಾನಾ, ಕುಸಿಯುತ್ತಾನಾ ಅನ್ನುವುದನ್ನೂ ಅದು ಲೆಕ್ಕ ಇಡುತ್ತದೆ. ಆದರೆ ನಮಗೆ ತೋರಿಸುವುದಿಲ್ಲ. ನಾವು ನಿಜವಾದ ಆಟಗಾರರನ್ನು ಇಟ್ಟುಕೊಳ್ಳುವುದಿಲ್ಲ. ಮೆಸ್ಸಿ ಯಾರಿಗೆ ಅನ್ನುವ ಜಗಳದಲ್ಲಿ ಮೊದಲ ವರ್ಷವೇ ಎರಡು ಸ್ನೇಹ ಮುರಿಯಿತು. ಹಾಗಾಗಿ ಕಂಪ್ಯೂಟರ್ ತಾನೇ ಹುಟ್ಟಿಸಿದ ಆಟಗಾರರನ್ನು ಹರಾಜು ಹಾಕುತ್ತೇವೆ. ತಂಡಗಳಿಗೆ ನಮ್ಮ ಕಡೆ ಊರುಗಳ ಹೆಸರು. ನನ್ನದು ಮಂಡಗದ್ದೆ.

ಜೂನ್‌ನ ಹರಾಜಿನಲ್ಲಿ ನಾನು ಯಡವಟ್ಟು ಮಾಡಿಕೊಂಡೆ. ಒಬ್ಬ ಸ್ಟ್ರೈಕರ್ ಹಿಂದೆ ಬಿದ್ದು ದುಡ್ಡೆಲ್ಲ ಸುರಿದೆ. ಅವನು ಮೂರನೇ ವಾರ ಮಂಡಿ ಮುರಿದುಕೊಂಡ, ಆ ಕಥೆ ಬೇಡ. ಕೊನೆಗೆ ನನ್ನ ಹತ್ತಿರ ಉಳಿದದ್ದು 2 ಪಾಯಿಂಟ್. ಹರಾಜಿನಲ್ಲಿ ಉಳಿದದ್ದು ಯಾರಿಗೂ ಬೇಡದ ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್, ಅಂದರೆ ಡಿಫೆಂಡರ್‌ಗಳ ಮುಂದೆ ನಿಂತು ದಾಳಿ ತಡೆಯುವವನು. ವಯಸ್ಸು 34. ವೇಗ 20ಕ್ಕೆ 6. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು ಅಲ್ವಾ, ಗೆಳೆಯರು ತಕ್ಷಣ ಅವನಿಗೆ 'ಗೊರಬಲು' ಅಂತ ಹೆಸರಿಟ್ಟರು. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿಯಂಥ ಒಳ್ಳೆ ಬಗೆ ಎಲ್ಲ ಬೇರೆಯವರಿಗೆ ಹೋಯ್ತು, ಮಂಡಿಯವನಿಗೆ ಗೊರಬಲೇ ಗತಿ ಅಂತ. ಮಂಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ರೇಟು ಸರಕಿಗೆ, ಎಲ್ಲಕ್ಕಿಂತ ಕಡಿಮೆ ಗೊರಬಲಿಗೇ. ನಾನೂ ನಕ್ಕೆ.

ಜುಲೈ ಮುಗಿಯುವಷ್ಟರಲ್ಲಿ ನಗು ನಿಂತಿತ್ತು.

ಆಗಸ್ಟಿನ ಒಂದು ಭಾನುವಾರ ಹೇಳುತ್ತೇನೆ ಕೇಳಿ. ಶಿವಮೊಗ್ಗದ ವಿನೋಬನಗರ, ದೊರೆಯ ಮನೆ ಮಹಡಿ. ಮೇಲೆ ತಗಡಿನ ಶೀಟು, ಅದರ ಮೇಲೆ ಮಳೆ. ಪಕ್ಕದವನು ಮಾತಾಡಿದ್ದು ಕೇಳುತ್ತಿರಲಿಲ್ಲ. ಎಪ್ಪತ್ತನೇ ನಿಮಿಷಕ್ಕೆ ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ 9 ಪರ್ಸೆಂಟ್. ಕತ್ತಲೆಯಲ್ಲಿ ನಾಲ್ಕು ಜನ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ಪರದೆ ಮೇಲೆ ಆಟಗಾರರ ಬದಲು ಓಡಾಡುವ ಕೆಂಪು ಚುಕ್ಕಿ, ನೀಲಿ ಚುಕ್ಕಿ ನೋಡುತ್ತಾ ಕೂತಿದ್ದೇವೆ. ನಾವು ತೀರ್ಥಹಳ್ಳಿ ಮೇಲೆ 1-0 ಮುಂದೆ. ಎಂಬತ್ತೆಂಟನೇ ನಿಮಿಷ. ಅವರ ವಿಂಗರ್ ನನ್ನ ಬ್ಯಾಕ್ ಇಬ್ಬರನ್ನೂ ದಾಟಿದ, ಕೀಪರ್ ಹೊರಗೆ ಬಂದು ಬಿದ್ದ, ಗೋಲು ಬಾಯಿ ತೆರೆದುಕೊಂಡಿದೆ. ಆಗ ಎಲ್ಲಿಂದಲೋ ಒಂದು ಕೆಂಪು ಚುಕ್ಕಿ ಬಂತು. ವೇಗ 6ರ ಚುಕ್ಕಿ. ನಿಧಾನಕ್ಕೆ, ಗದ್ದೆ ಅಂಚಿನ ಮೇಲೆ ಅಜ್ಜ ನಡೆದು ಬಂದ ಹಾಗೆ ಬಂತು. ಅದು ಓಡಿ ಬಂದದ್ದಲ್ಲ, ಚೆಂಡು ಎಲ್ಲಿಗೆ ಬರುತ್ತದೆ ಅಂತ ಮೊದಲೇ ಗೊತ್ತಿದ್ದು ಹೊರಟು ಬಂದದ್ದು. ಗೆರೆಯ ಮೇಲೆ ನಿಂತು ಚೆಂಡನ್ನು ಆಚೆ ತಳ್ಳಿತು. ತೀರ್ಥಹಳ್ಳಿಯ ಗೆಳೆಯ ಕೈಯಲ್ಲಿದ್ದ ಬಜ್ಜಿ ಕೆಳಗೆ ಹಾಕಿ 'ಇವ ಎಲ್ಲಿದ್ದ ಮಾರಾಯ!' ಅಂದ. ಅಂದವನು ಅವನೇ. ನಿನ್ನೆ ನಕ್ಕ ಏಳು ಜನರಲ್ಲಿ ಅವನೂ ಇದ್ದಾನೆ. ಬಜ್ಜಿ ಮರೆತುಹೋಗಿರಬೇಕು.

ಈಗ ಅಂಕಪಟ್ಟಿ ನೋಡಿ. ಮಂಡಗದ್ದೆ ಒಂಬತ್ತನೇ ಸ್ಥಾನ. ಹೊಡೆದ ಗೋಲು 11, ತಿಂದದ್ದು 19. ಚಾಂಪಿಯನ್ ಸಾಗರ ತಿಂದದ್ದು 23! ಗೊರಬಲು ಹೊಡೆದ ಗೋಲು 0. ಅಸಿಸ್ಟ್, ಅಂದರೆ ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್, ಅದೂ 0. ಅವನು ಈ ಸೀಸನ್ ಆಡಿದ ಅನ್ನುವುದಕ್ಕೆ ಆ ಓರೆ ಫೋಟೊದಲ್ಲಿ ಒಂದು ಅಕ್ಷರದ ಸಾಕ್ಷಿ ಇಲ್ಲ. ನನ್ನ ಸಿಟ್ಟು ಇಷ್ಟೇ. ಅಂಕಪಟ್ಟಿ ಯಾರು ಗೆದ್ದರು ಅಂತ ಹೇಳುತ್ತದೆ, ಯಾರು ಆಡಿದರು ಅಂತ ಹೇಳುವುದಿಲ್ಲ.

ಗೇಮ್ ತಾನೇ ಪ್ರತಿ ಪಂದ್ಯಕ್ಕೂ ಹತ್ತಕ್ಕೆ ಇಷ್ಟು ಅಂತ ರೇಟಿಂಗ್ ಕೊಡುತ್ತದಲ್ಲ, ಅದನ್ನೇ ನೋಡಿದರಾಯ್ತು ಅಂತ ಒಬ್ಬ ಇಂಜಿನಿಯರ್ ಸಾಹೇಬರು ಸಲಹೆ ಕೊಟ್ಟರು. ನೋಡಿದ್ದೇನೆ ಸ್ವಾಮಿ. ಗೋಲು ಹೊಡೆದರೆ ಅದು ಸರ್ರನೆ ಏರುತ್ತದೆ. ಎಂಬತ್ತೆಂಟನೇ ನಿಮಿಷಕ್ಕೆ ಅಜ್ಜನ ಹಾಗೆ ನಡೆದು ಬಂದವನಿಗೆ ಅಷ್ಟು ಏರುವುದಿಲ್ಲ. ಹೊರಗಿನ ಫುಟ್‌ಬಾಲಿನಲ್ಲೂ ಬರೀ ಲೆಕ್ಕ ನೋಡಿ ಪ್ರಶಸ್ತಿ ಕೊಟ್ಟಿದ್ದರೆ 2016-17ರಲ್ಲಿ ಚೆಲ್ಸಿ ತಂಡದ ಮಿಡ್‌ಫೀಲ್ಡರ್ ಎನ್‌ಗೋಲೊ ಕಾಂಟೆಯನ್ನು ಯಾರು ಕೇಳುತ್ತಿದ್ದರು? ಇಡೀ ಪ್ರೀಮಿಯರ್ ಲೀಗಿನಲ್ಲಿ ಅವನು ಹೊಡೆದದ್ದು 1 ಗೋಲು. ಆದರೂ ಇಂಗ್ಲೆಂಡಿನ ಆಟಗಾರರು ತಾವೇ ಓಟು ಹಾಕಿ ಅವನನ್ನು ವರ್ಷದ ಆಟಗಾರ ಮಾಡಿದರು. ಎದುರು ನಿಂತು ಒದೆ ತಿಂದವರಿಗೆ ಗೊತ್ತಿರುತ್ತದೆ, ಯಾರು ದಾರಿಗೆ ಅಡ್ಡ ಬಂದರು ಅಂತ. 1963ರಲ್ಲಿ ಲೆವ್ ಯಾಶಿನ್‌ಗೆ ಬ್ಯಾಲನ್ ಡಿ'ಓರ್, ಅಂದರೆ ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನ ಪ್ರಶಸ್ತಿ, ಸಿಕ್ಕಿತು. ಇವತ್ತಿಗೂ ಅದನ್ನು ಗೆದ್ದ ಗೋಲ್‌ಕೀಪರ್ ಅವನೊಬ್ಬನೇ. ಅಂದರೆ ಅಷ್ಟು ದೊಡ್ಡವರೂ ಗೋಲು ತಡೆಯುವವರನ್ನು ನೆನಪಿಸಿಕೊಂಡದ್ದು ಕಡಿಮೆಯೇ. ನಾವಾದರೂ ಸ್ವಲ್ಪ ಸರಿಯಾಗಿರಬಾರದಾ?

ದೂರ ಯಾಕೆ ಹೋಗಬೇಕು. ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. 1975ರ ಜನವರಿ, ಮದ್ರಾಸ್, ವೆಸ್ಟ್ ಇಂಡೀಸ್ ಎದುರು. ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ದಿನ. ತಂಡ 190ಕ್ಕೆ ಆಲೌಟ್, ಅದರಲ್ಲಿ ವಿಶಿ ಒಬ್ಬರದ್ದೇ ಔಟಾಗದೆ 97. ಪಂದ್ಯ ಭಾರತ ಗೆದ್ದಿತು. ಸೆಂಚುರಿಗಳ ಪಟ್ಟಿ ತೆಗೆದು ಹುಡುಕಿ, ಆ ಆಟ ಸಿಗುವುದಿಲ್ಲ. 3 ರನ್ ಕಡಿಮೆ ಅಲ್ವಾ! ಆದರೆ ನಮ್ಮಪ್ಪ ಸಾಯುವವರೆಗೂ ಬೇರೆಯವರ ಸೆಂಚುರಿ ಬಗ್ಗೆ ಮಾತಾಡಿದ್ದಕ್ಕಿಂತ ಈ 97ರ ಬಗ್ಗೆ ಮಾತಾಡಿದ್ದೇ ಜಾಸ್ತಿ.

ಕಂಪ್ಯೂಟರ್ ದಾಳ ಉರುಳಿಸುತ್ತದೆ, ಅದೃಷ್ಟಕ್ಕೆ ಎಂತಕ್ಕೆ ಪ್ರಶಸ್ತಿ ಅನ್ನುವ ವಾದ ಇನ್ನೊಂದು. ಒಪ್ಪಿದೆ, ದಾಳ ಇದೆ. ಹಾಗಾದರೆ ಸಾಗರದವನಿಗೆ ಅಭಿನಂದನೆ ಎಂತಕ್ಕೆ ಹೇಳಿದಿರಿ? ಅವನ ದಾಳ ಬೆಳ್ಳಿಯದ್ದಾ? ಕಪ್ ಕೊಡುವಾಗ ಮಾತ್ರ ಅದು ಬುದ್ಧಿವಂತಿಕೆ, ಡಿಫೆಂಡರ್ ಹೆಸರು ಎತ್ತಿದರೆ ದಾಳ.

ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ನೋಡಿದ್ದೀರಲ್ಲ. ಹತ್ತು ಮನೆಯ ಊರಾದರೂ ಸರಿ. ಪ್ರಥಮ, ದ್ವಿತೀಯ ಕೊಟ್ಟ ಮೇಲೆ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಆಲ್‌ರೌಂಡರ್ ಅಂತ ಮೂರು ಕಪ್ ಇದ್ದೇ ಇರುತ್ತದೆ. ಕ್ಯಾಚರ್ ಕಪ್ ಕೊಡದೆ ಮೈಕ್ ಆಫ್ ಮಾಡಿ ನೋಡೋಣ, ಮುಖ್ಯ ಅತಿಥಿಗಳ ಜೀಪು ಊರು ದಾಟುವುದಿಲ್ಲ. ಅಲ್ಲಿ ರಾತ್ರಿ ಎರಡು ಗಂಟೆಗೆ ನಿಂತು ಚಪ್ಪಾಳೆ ಹೊಡೆಯುವ ಇದೇ ಜನ, ವಾಟ್ಸಾಪಿನಲ್ಲಿ ನನಗೆ ಕೀಬೋರ್ಡ್ ಜೋಕು ಹೇಳುತ್ತಾರೆ.

ಸರಿ, ನೀವು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರುವುದನ್ನು ನಾನೇ ಹೇಳಿಬಿಡುತ್ತೇನೆ. 'ಇವನ ತಂಡ ಒಂಬತ್ತನೇದು, ಅದಕ್ಕೆ ಉರಿ.' ಹೌದು. ಸ್ವಲ್ಪ ಉರಿ ಇದೆ. ಸಾಗರದವನು ಗೆದ್ದ ಮೇಲೆ ಹಾಕಿದ ಸ್ಟೇಟಸ್ ನೋಡಿದರೆ ನಿಮಗೂ ಬರುತ್ತಿತ್ತು. ಆದರೆ ಸೋತ ತಂಡದಲ್ಲಿ ಒಳ್ಳೆ ಆಟಗಾರ ಇರಬಾರದು ಅಂತ ಎಲ್ಲಿ ಬರೆದಿದೆ? 2011ರಲ್ಲಿ ವೆಸ್ಟ್ ಹ್ಯಾಮ್ ಪ್ರೀಮಿಯರ್ ಲೀಗಿನಲ್ಲಿ ಕಟ್ಟಕಡೆಗೆ ಬಂದು ಕೆಳಗಿನ ಲೀಗಿಗೆ ಬಿತ್ತು. ಅದೇ ವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಪತ್ರಕರ್ತರು ವರ್ಷದ ಆಟಗಾರ ಅಂತ ಆರಿಸಿದ್ದು ಅದೇ ತಂಡದ ಸ್ಕಾಟ್ ಪಾರ್ಕರ್‌ನನ್ನು. ನಾವು ಒಂಬತ್ತನೇದು ಕಣ್ರೀ, ಕಟ್ಟಕಡೆಯದೂ ಅಲ್ಲ.

ಇನ್ನೊಂದು ಇದೆ. ಇದನ್ನು ಗ್ರೂಪಿನಲ್ಲಿ ಹೇಳಿಲ್ಲ, ಹೇಳಿದರೆ ಅದಕ್ಕೂ ಒಂದು ಸ್ಟಿಕ್ಕರ್ ಬರುತ್ತದೆ. ಹೈಸ್ಕೂಲಿನಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ಬಲಗಡೆ ಕಾರ್ನರ್. ಹೋಬಳಿ ಮಟ್ಟದ ಫೈನಲ್‌ನಲ್ಲಿ ಏಳು ಜನರನ್ನು ಹಿಡಿದೆ. ಸೋತೆವು. ಆದರೂ ಬೆಸ್ಟ್ ಕ್ಯಾಚರ್ ನಿನಗೇ ಅಂತ ಪಿ.ಟಿ. ಮೇಷ್ಟ್ರು ಬೆನ್ನು ತಟ್ಟಿ ಹೇಳಿದ್ದರು. ನಾನು ಅಂಗಿ ಬದಲಾಯಿಸಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು ಎರಡನೇ ಸಾಲಿನಲ್ಲಿ ಕೂತೆ. ಟೇಬಲ್ ಮೇಲಿನ ಕಪ್ಪುಗಳನ್ನು ಎಣಿಸಿಕೊಂಡಿದ್ದೆ. ಅಷ್ಟರಲ್ಲಿ ಯಾರೋ ದೊಡ್ಡವರು ಬಂದರು, ಅವರಿಗೆ ನೆನಪಿನ ಕಾಣಿಕೆ ಅಂತ ಒಂದು ಕಪ್ ಹೋಯ್ತು. ಅದು ನನ್ನದು. ಕೊನೆಗೆ 'ಸಮಯದ ಅಭಾವದಿಂದ' ಅಂತ ಮೈಕಿನಲ್ಲಿ ಹೇಳಿದರು. ನನಗೆ ಈಗ 41. ಸ್ಟಾನ್ಲಿ ಮ್ಯಾಥ್ಯೂಸ್‌ಗೆ 1956ರಲ್ಲಿ ಮೊಟ್ಟಮೊದಲ ಬ್ಯಾಲನ್ ಡಿ'ಓರ್ ಸಿಕ್ಕಿದ್ದು 41ನೇ ವಯಸ್ಸಿನಲ್ಲಿ. ಏನೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ನಿಜವಾದ ಲೀಗಿನಲ್ಲಿ ಪ್ರಶಸ್ತಿ ಸಿಗದಿದ್ದರೂ ಆಟಗಾರ ಉಳಿಯುತ್ತಾನೆ. ವಿಡಿಯೊ ಇರುತ್ತದೆ, ಪೇಪರ್ ಇರುತ್ತದೆ, ಚಹಾದ ಅಂಗಡಿಯಲ್ಲಿ ಯಾರಾದರೂ ಒಬ್ಬ ಹೆಸರು ಎತ್ತುತ್ತಾನೆ. ಗೊರಬಲಿಗೆ ಎಂತ ಇದೆ? ಅವನಿಗೆ ಊರಿಲ್ಲ, ಅಮ್ಮ ಇಲ್ಲ. ಅವನನ್ನು ಕಂಡವರು ಈ ಭೂಮಿ ಮೇಲೆ ಹತ್ತು ಜನ. ಕೊನೆ ಪಂದ್ಯ ಮುಗಿದ ಮೇಲೆ ಗೇಮಿನ ಇನ್‌ಬಾಕ್ಸಿಗೆ ಒಂದು ಸಾಲು ಬಂತು, ಅವನು ನಿವೃತ್ತಿಯಾದ ಅಂತ. ಅದರ ಕೆಳಗೇ ಯಾರದೋ ಹಿಮ್ಮಡಿ ನೋವಿನ ಸುದ್ದಿ. ದೊರೆ ಎರಡನ್ನೂ ಒಂದೇ ಕ್ಲಿಕ್ಕಿನಲ್ಲಿ ದಾಟಿಸಿದ. ಆಮೇಲೆ 'ಹಾರ್ಡ್ ಡಿಸ್ಕ್ ತುಂಬಿದೆ, ಈ ಸಲದ ಫೈಲ್ ತೆಗೀತೇನೆ' ಅಂದ. ಮಗಳ ಹುಟ್ಟುಹಬ್ಬದ ವಿಡಿಯೊಗೆ ಜಾಗ ಬೇಕಂತೆ. ಅದಕ್ಕೆ ನಾನು ಎಂತ ಹೇಳಲಿ.

ನನ್ನ ಹತ್ತಿರ ಮಂಡಿಯ ಹಳೇ ಕಿರ್ದಿ ಪುಸ್ತಕ ಒಂದಿದೆ. 18 ವಾರದ್ದೂ ಅದರಲ್ಲಿ ಬರೆದಿಟ್ಟಿದ್ದೇನೆ. ಜಮಾ ಕಡೆ ಗೊರಬಲು ತಡೆದದ್ದು, ಖರ್ಚು ಕಡೆ ಅವನು ತಿಂದ ಹಳದಿ ಕಾರ್ಡ್. ಮೊನ್ನೆ ಹೆಂಡತಿ ಧೂಳು ಹೊಡೆಯುವಾಗ ತೆಗೆದು ನೋಡಿದಳು. 'ಏನ್ರೀ ಇದು, ಇಡೀ ಮಳೆಗಾಲ ಬರೀ ಗೊರಬಲೇ ಬಂದಿದೆ, ಒಂದು ಚೀಲ ರಾಶಿನೂ ಬಂದಿಲ್ವಾ?' ಅಂತ ಗಾಬರಿಯಾದಳು. ವ್ಯಾಪಾರ ಬಿದ್ದುಹೋಯ್ತು ಅಂದುಕೊಂಡಿದ್ದಳು ಪಾಪ.

ಇವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಾಂಧಿ ಬಜಾರ್ ಕಡೆ ಹೋಗಿ ಕಪ್ ನೋಡಿದೆ. ಚಿಕ್ಕದು, ಎರಡು ಕಿವಿ ಇರುವುದು, 250 ರೂಪಾಯಿ. ಓಟು ಗೀಟು ಎಲ್ಲ ಆಮೇಲೆ ನೋಡಿಕೊಳ್ಳುವಾ ಅಂತ ದುಡ್ಡು ಕೊಟ್ಟೆ. ಅಂಗಡಿ ಹುಡುಗ ಹೆಸರು ಕೊರೆಯುವ ಮಿಷನ್ ಹಾಕಿ ಕೇಳಿದ.

'ಎಂತ ಬರೀಬೇಕು ಸಾರ್?'

'ಬೆಸ್ಟ್ ಡಿಫೆಂಡರ್. ಅದರ ಕೆಳಗೆ ಗೊರಬಲು.'

ಅವನು ಮಿಷನ್ ಆಫ್ ಮಾಡಿದ. ನನ್ನ ಮುಖ ನೋಡಿದ. ಅವನ ಮನೆಯಲ್ಲೂ ತೋಟ ಇರಬೇಕು.

'ಸಾರ್, ಕೊಡುದೇ ಆದ್ರೆ ಸರಕಿಗೆ ಕೊಡ್ಬಹುದಿತ್ತಲ್ಲ?'