ಟೈರೇನು ಮೊಸರಾ ಸಾರ್?

ನಮ್ ಕಾರು 2009ರ ಸ್ವಿಫ್ಟು, ಕೆಎ-11 ನಂಬರ್ರು, ಅಪ್ಪಟ ಮಂಡ್ಯದ್ದು. 2024ರಲ್ಲಿ ಅದಕ್ಕೆ ಹದಿನೈದು ತುಂಬ್ತು, ಆರ್‌ಸಿ ರಿನ್ಯೂವಲ್ ಮಾಡ್ಸಿ ಇನ್ನೈದು ವರ್ಷ ಆಯಸ್ಸು ಬರೆಸ್ಕೊಂಡು ಬಂದಿದ್ದೆ. ಆಯಸ್ಸು ಕಾರಿಗೆ ಬರೆಸಿದ್ದು, ಟೈರಿಗಲ್ಲ ಅನ್ನೋದು ಗೊತ್ತಾಗಿದ್ದು 2025ರ ಆಗಸ್ಟಲ್ಲಿ.

ಭಾನುವಾರ, ಮಳೆ, ಮೈಸೂರಿಗೆ ಅತ್ತೆ ಮನೆಗೆ ಹೊರಟಿದ್ವಿ. ಎಕ್ಸ್‌ಪ್ರೆಸ್‌ವೇಗೆ ಹತ್ತಿದ್ರೆ ಗಣಂಗೂರಲ್ಲಿ ಟೋಲ್ ಕಟ್ಬೇಕಲ್ಲ, ನಾವು ಮಂಡ್ಯದವರು, ಸರ್ವಿಸ್ ರೋಡೇ ನಮಗೆ ರಾಜಮಾರ್ಗ. ಇಂಡುವಾಳು ದಾಟಿದ್ಮೇಲೆ ಮುಂದೆ ಕಬ್ಬು ತುಂಬಿದ ಟ್ರಾಕ್ಟರ್ರು, ಟ್ರೈಲರ್ ಹಿಂದೆ ಜಲ್ಲೆಗಳು ಒಂದಾಳುದ್ದ ಚಾಚ್ಕೊಂಡಿದ್ವು. ಹಂಪ್ ಬಂತು, ಅವನು ನಿಲ್ಲಿಸ್ದ, ನಾನೂ ಬ್ರೇಕ್ ತುಳಿದೆ. ಕಾರು ಮಾತ್ರ ಬಾಳೆಎಲೆ ಮೇಲೆ ಪಾಯಸ ಹರಿದಂಗೆ ಹೋಗ್ತಾನೇ ಇತ್ತು. ಕೊನೆಗೆ ನಿಂತಾಗ ನಾಲ್ಕು ಕಬ್ಬಿನ ತುದಿ ಬಂದು ಗಾಜಿಗೆ ತಾಗಿತ್ತು, ಒಂದು ವೈಪರ್ರಿಗೆ ಸಿಕ್ಕಾಕೊಂಡು ವೈಪರ್ ಜೊತೆಗೇ ಅತ್ಲಾಗೆ ಇತ್ಲಾಗೆ ಆಡ್ತಿತ್ತು. ನನ್ನ ಹೆಂಡ್ತಿ ಕಣ್ಣು ಮುಚ್ಕೊಂಡು ಚಾಮುಂಡಿನ ನೆನೀತಿದ್ಲು. ಟ್ರಾಕ್ಟರ್ ಅಣ್ಣ ಇಳಿದು ಬಂದು ಒಂದ್ಸಲ ಕಾರು ನೋಡ್ದ, ಒಂದ್ಸಲ ನನ್ನ ನೋಡ್ದ. ಬೈತಾನೆ ಅಂದ್ಕೊಂಡೆ. "ಇಷ್ಟ್ ಹತ್ರ ಬಂದಿದ್ದೀರಿ, ಒಂದ್ ಜಲ್ಲೆ ಕಿತ್ಕಳಿ ಸಾ" ಅಂದ.

ಮಾವನ ಮನೆ ಮುಂದೆ ಇಳಿದು ಕೂತು ಟೈರ್ ನೋಡಿದ್ರೆ, ಮುಂದಿನವೆರಡೂ ನುಣ್ಣಗೆ. ಟೈರಿನ ಗೀರುಗಳ ಮಧ್ಯೆ ಅಲ್ಲಲ್ಲಿ ಸಣ್ಣ ಏಣು ಇರುತ್ತೆ, ರಬ್ಬರ್ ಸವೆದು ಆ ಏಣಿನ ಮಟ್ಟಕ್ಕೆ ಬಂತು ಅಂದ್ರೆ 1.6 ಮಿಲಿಮೀಟರ್ ಉಳಿದಿದೆ, ಮುಗೀತು ಕಥೆ ಅಂತ ಅರ್ಥ. ನಮ್ಮದರಲ್ಲಿ ಏಣೂ ಸವೆದಿತ್ತು. ಹಿಂದಿನವೆರಡು ಸವೆದಿರಲಿಲ್ಲ, ಆದ್ರೆ ಬೇಸಿಗೆಲಿ ಕೆರೆ ಅಂಗಳ ಬಿರುಕು ಬಿಟ್ಟಂಗೆ ಸೈಡೆಲ್ಲಾ ಸೀಳು. ಪಕ್ಕದಲ್ಲಿ ಒಂದು ಪುಟ್ಟ ಚೌಕಟ್ಟಲ್ಲಿ 3117 ಅಂತಿತ್ತು, ಅಂದ್ರೆ 2017ರ ಮೂವತ್ತೊಂದನೇ ವಾರ ಹುಟ್ಟಿದ್ದು. ಇಷ್ಟು ವರ್ಷ ನಾನದನ್ನ ಮಾಡೆಲ್ ನಂಬರ್ ಅಂದ್ಕೊಂಡಿದ್ದೆ.

ಸರಿ, ಟೈರ್ ಹಾಕ್ಸೋದು ಅಂತಾಯ್ತು. ಅವತ್ತಿಂದ ನನ್ನ ನೆಮ್ಮದಿ ಹೋಯ್ತು.

ಕಾರ್ ರಿಪೇರಿ ಅಂದ್ರೆ ಎಲ್ರೂ ಮೆಕ್ಯಾನಿಕ್ ನಂಬರ್ ಕೊಟ್ಟು ಸುಮ್ನಾಗ್ತಾರೆ. ಟೈರ್ ಅಂದ್ರೆ ಹಂಗಲ್ಲ, ಅದು ದುಂಡಗಿರುತ್ತೆ, ಉರುಳುತ್ತೆ, ಹಾಗಾಗಿ ಎಲ್ರಿಗೂ ಗೊತ್ತು. ನಾನು ಪಿಯು ಕಾಲೇಜಲ್ಲಿ ಗಣಿತ ಮೇಷ್ಟ್ರು, ಸ್ಟಾಫ್ ರೂಮಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಕನ್ನಡ ಮೇಷ್ಟ್ರು ಎಂಆರ್‌ಎಫ್ ಬಿಟ್ಟು ಬೇರೆ ಮಾತೇ ಆಡಬೇಡಿ ಅಂದ್ರು. ಯಾಕೆ ಸಾರ್ ಅಂದ್ರೆ "ಸಚಿನ್ ಬ್ಯಾಟ್ ನೋಡಿಲ್ವೇನ್ರಿ?" ಅಂದ್ರು. ಆ ಕಂಪನಿ 1946ರಲ್ಲಿ ಮದ್ರಾಸಲ್ಲಿ ಆಟದ ಬಲೂನ್ ಮಾಡೋಕೆ ಶುರುವಾಗಿದ್ದು ಸಾರ್ ಅಂದೆ, "ಮತ್ತೆ! ಗಾಳಿ ವಿಷ್ಯದಲ್ಲಿ ಅವರಿಗಿಂತ ಅನುಭವ ಯಾರಿಗಿದೆ" ಅಂತ ಅದನ್ನೂ ತಮ್ಮ ಕಡೆಗೇ ಎಳ್ಕೊಂಡ್ರು. ಫಿಸಿಕ್ಸ್ ಮೇಡಮ್ಮು ಮಿಶೆಲಿನ್, ರೋಡ್ ಮೇಲೆ ಹೋಗ್ತಿರೋದೇ ಗೊತ್ತಾಗಲ್ಲ ಅಂದ್ರು. ನನ್ನ ಕಾರಲ್ಲಿ ನಾಲ್ಕೂ ಡೋರು ಗಡಗಡ ಅಂತಾವೆ, ಟೈರೊಂದು ಮೌನವ್ರತ ಮಾಡಿ ಏನ್ ಪ್ರಯೋಜನ. ಪಾಂಡವಪುರದ ಚಿಕ್ಕಪ್ಪ ಫೋನಲ್ಲಿ "ಲೋ ಮಗ, ಹೊಸದ್ಯಾಕ್ಲಾ, ಹಳೇದ್ರ ಮೇಲೇ ರಬ್ಬರ್ ಕೂರ್ಸಿ ರೀಬಟನ್ ಹಾಕ್ಸು, ನಮ್ ಟ್ರೈಲರ್‌ಗೆ ಮೂರ್ ಸಲ ಹಾಕ್ಸಿವ್ನಿ" ಅಂದ.

ಭಾವಮೈದನದು ಇನ್ನೊಂದು ರಾಗ. "ಭಾವ, ಅಗಲ ಹಾಕ್ಸಿ ಭಾವ, 165 ತೆಗೆದು 185 ಹಾಕ್ಸಿ, ಗಾಡಿ ರೋಡ್ ಕಚ್ಕೊಂಡು ನಿಲ್ಲುತ್ತೆ." ನಮ್ಮದಕ್ಕೆ ಕಂಪನಿಯವರು ಕೊಟ್ಟಿದ್ದು 165/80 ಆರ್14, ಅಂದ್ರೆ ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಅದರ 80 ಪರ್ಸೆಂಟ್, ಒಳಗಿನ ರಿಮ್ಮು 14 ಇಂಚು. ಅವನು ಹೇಳಿದ್ದು 185/70 ಆರ್14. ರಾತ್ರಿ ಕೂತು ಲೆಕ್ಕ ಹಾಕಿದೆ, ಒಂದರ ವ್ಯಾಸ 619.6 ಮಿಲಿಮೀಟರ್, ಇನ್ನೊಂದರದ್ದು 614.6, ಐದೇ ಮಿಲಿಮೀಟರ್ ವ್ಯತ್ಯಾಸ, ಸ್ಪೀಡೋಮೀಟರ್ ಒಂದು ಪರ್ಸೆಂಟೂ ತಪ್ಪಲ್ಲ. ಲೆಕ್ಕ ಸರಿಬಂದ ಖುಷಿಗೆ ಹೆಂಡ್ತಿನ ಎಬ್ಬಿಸಿ ತೋರಿಸ್ದೆ. ಎಬ್ಬಿಸಬಾರದಿತ್ತು. ಅಗಲ ಹಾಕ್ಸಿದ್ರೆ ಸ್ಟೀರಿಂಗ್ ಭಾರ ಆಗುತ್ತೆ, ಪೆಟ್ರೋಲ್ ಒಂಚೂರು ಜಾಸ್ತಿ ಕುಡಿಯುತ್ತೆ, ಹದಿನಾರು ವರ್ಷದ ಮುದುಕನಿಗೆ ಜಿಮ್ ಶೂ ಯಾಕೆ ಅಂತ ಬಿಟ್ಟೆ.

ಇನ್ನು ಎರಡು ಹಾಕ್ಸೋದಾ ನಾಲ್ಕಾ ಅನ್ನೋ ಜಗಳ. ಎರಡೇ ಹಾಕ್ಸು, ಮುಂದಕ್ಕೆ ಹಾಕು ಅಂತ ಬೀದಿಯೆಲ್ಲಾ ಹೇಳ್ತು, ಇಂಜಿನ್ ಎಳೆಯೋದು ಮುಂದಿನ ಚಕ್ರ ತಾನೆ ಅಂತ. ಟೈರ್ ಕಂಪನಿಯವರು ಹೇಳೋದು ಉಲ್ಟಾ, ಎರಡೇ ಆದ್ರೆ ಹೊಸವು ಹಿಂದಕ್ಕೆ ಹೋಗ್ಬೇಕು. ಮಳೇಲಿ ಮುಂದೆ ಜಾರಿದ್ರೆ ಆಕ್ಸಿಲರೇಟರ್ ಬಿಟ್ಟು ಹೆಂಗೋ ಸರಿಮಾಡ್ಕೋಬಹುದು, ಹಿಂದೆ ಜಾರಿದ್ರೆ ಕಾರು ಗಿರಗಿಟ್ಲೆ. ಇದನ್ನ ಹೇಳಿದ್ರೆ ಯಾರೂ ನಂಬಲಿಲ್ಲ, ನಾಲ್ಕೂ ಹಾಕ್ಸೋದು ಅಂತ ವಾದ ಮುಗಿಸಿದೆ.

ದುಬಾರಿದಾ ಅಗ್ಗದ್ದಾ ಅನ್ನೋದು ಮಾತ್ರ ಬಗೆಹರಿಯಲಿಲ್ಲ. ಅದನ್ನ ಬಗೆಹರಿಸಿದ್ದು ಹೆಂಡ್ತಿ, ಒಗ್ಗರಣೆ ಹಾಕ್ತಾ, ಈ ಕಡೆ ತಿರುಗದೇನೇ: "ರೀ, ಮೊದ್ಲು ಈ ಕಾರು ಇನ್ನೆಷ್ಟು ವರ್ಷ ಇಟ್ಕೋತೀರ ಹೇಳಿ, ಆಮೇಲೆ ಟೈರು." ನಾನು ಮೂರು ವಾರ ನೋಟ್‌ಬುಕ್ ತುಂಬಾ ಬರೆದು ಕೇಳ್ಕೊಳ್ಳದೇ ಇದ್ದ ಪ್ರಶ್ನೆ ಅದೊಂದೇ. ಆರ್‌ಸಿ ಇರೋದು 2029ರ ತನಕ. ನಾವು ಓಡಿಸೋದು ವರ್ಷಕ್ಕೆ ಐದು ಸಾವಿರ ಕಿಲೋಮೀಟರ್, ಕಾಲೇಜಿಗೆ ನಾನು ನಡ್ಕೊಂಡೇ ಹೋಗೋದು. ಅಂದ್ರೆ ಇನ್ನು ಇಪ್ಪತ್ತು ಸಾವಿರ. ನಲವತ್ತು ಐವತ್ತು ಸಾವಿರ ಬಾಳಿಕೆ ಬರೋ ಟೈರಿಗೆ ದುಡ್ಡು ಸುರಿದ್ರೆ ಅದು ನನ್ನ ಕಾರಿಗಿಂತ ಜಾಸ್ತಿ ಬದುಕುತ್ತೆ, ಉಳಿದ ಆಯಸ್ಸನ್ನ ಗುಜರಿಯವನು ಅನುಭವಿಸ್ತಾನೆ. ನನ್ನಂಗೆ ಕಮ್ಮಿ ಓಡಿಸೋರ ಟೈರು ಸವೆಯೋದಕ್ಕಿಂತ ಬಿಸಿಲಲ್ಲಿ ನಿಂತೂ ನಿಂತೂ ಗಟ್ಟಿಯಾಗೋದೇ ಜಾಸ್ತಿ. ನಂಗೆ ಬೇಕಿರೋದು ಮಳೇಲಿ ಹಿಡಿತ ಇರೋ, ತಾಜಾ ಡೇಟಿನ, ಮಧ್ಯಮ ರೇಟಿನ ಟೈರು. ಹೋಟ್ಲಲ್ಲಿ ಮೆನು ಕೊಟ್ರೆ ಮೇಲಿನದೂ ಬಿಟ್ಟು ಕೆಳಗಿನದೂ ಬಿಟ್ಟು ನಡುವಿನದು ಹೇಳೋ ಜಾತಿ ನಮ್ದು, ಇಷ್ಟಕ್ಕೆ ಮೂರು ವಾರ ಬೇಕಿತ್ತಾ ಅಂದ್ಲು.

ಬೇಕಿತ್ತು, ಯಾಕಂದ್ರೆ ಅಷ್ಟರಲ್ಲಿ ಟೈರಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ 28 ಪರ್ಸೆಂಟಿಂದ 18ಕ್ಕೆ ಇಳಿಯುತ್ತೆ ಅಂತ ನ್ಯೂಸ್ ಬಂತು. ಯಾವನು ಬಿಡ್ತಾನೆ. "ಹಂಗಾದ್ರೆ ತೆರಿಗೆ ಇಳಿಯೋ ತನಕ ಬ್ರೇಕ್ ಹಾಕ್ಬೇಡಿ" ಅಂತ ಹೇಳಿ ಅವಳು ಬಸ್ಸಲ್ಲಿ ಅಮ್ಮನ ಮನೆಗೆ ಹೋದ್ಲು.

ಅಮ್ಮನ ಮನೆ ಅಂದ್ರೆ ಅಲ್ಲಿ ನಮ್ಮ ಮಾವ. ಮಾವ ಮೇಟಗಳ್ಳಿ ವಿಕ್ರಾಂತ್ ಟೈರ್ ಫ್ಯಾಕ್ಟರೀಲಿದ್ದು ರಿಟೈರಾದವರು. ಅದು 1997ರಲ್ಲೇ ಜೆಕೆ ಟೈರ್ ಕಂಪನಿ ಕೈಗೆ ಹೋಯ್ತು, ಮಾವನ ಬಾಯಲ್ಲಿ ಮಾತ್ರ ಇವತ್ತಿಗೂ ವಿಕ್ರಾಂತೇ. ಫೋನ್ ಮಾಡಿ ಎರಡೇ ಮಾತು: "ಅಳಿಯಂದ್ರೆ, ಊರಿನ ಉಪ್ಪು ತಿಂದೋರು ನಾವು. ಯೋಚನೆ ಮಾಡಿ." ಇಟ್ಬಿಟ್ರು. ಅಪೋಲೊ, ಸಿಯೆಟ್, ಬ್ರಿಜ್‌ಸ್ಟೋನ್, ಯೊಕೊಹಾಮಾ ಅಂತ ಕಾಲಂ ಹಾಕಿ ಮಾರ್ಕ್ಸ್ ಕೊಟ್ಟಿದ್ದ ನನ್ನ ನೋಟ್‌ಬುಕ್ಕು ಅಲ್ಲಿಗೆ ರದ್ದಿ.

ಸೆಪ್ಟೆಂಬರ್ ಕೊನೇ ವಾರ ಮಂಡ್ಯದಲ್ಲೇ ಒಂದು ಟೈರ್ ಅಂಗಡಿಗೆ ಹೋದೆ. ಜೆಕೆ, ಒಂದಕ್ಕೆ 3,950, ನಾಲ್ಕಕ್ಕೆ 15,800. ಹುಡುಗ ತಂದು ಉರುಳಿಸ್ದ, ನಾನು ಮೊಬೈಲ್ ಟಾರ್ಚ್ ಹಾಕ್ಕೊಂಡು ಒಂದೊಂದರದ್ದೂ ಜಾತಕ ನೋಡ್ದೆ. ಮೂರು ಅದೇ ವರ್ಷದವು, ಒಂದು ಹಿಂದಿನ ವರ್ಷದ್ದು. ಇದು ಬೇಡ, ಬೇರೆ ಕೊಡಿ ಅಂದೆ.

"ಸಾರ್, ಟೈರೇನು ಮೊಸರಾ? ಹುಳಿಯಾಗಲ್ಲ."

ಆದ್ರೂ ಪಟ್ಟು ಬಿಡಲಿಲ್ಲ, ಪಾಪ ಗೋಡೌನಿಗೆ ಹೋಗಿ ಬಂದ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲಾ ಆಯ್ತು. ಆಮೇಲೆ ನೈಟ್ರೋಜನ್ ಹಾಕ್ಲಾ ಅಂದ. ಇಡೀ ಸ್ಟಾಫ್ ರೂಮ್ ಮೇಲಿದ್ದ ಸಿಟ್ಟು ಅವನ ಮೇಲೆ ತೀರಿಸ್ಕೊಂಡೆ, "ಮಾಮೂಲಿ ಗಾಳಿಲೇ 78 ಪರ್ಸೆಂಟ್ ನೈಟ್ರೋಜನ್ ಇದೆ ಕಣಪ್ಪ." ಅವನು ತಣ್ಣಗೆ "ಮಿಕ್ಕ 22ಕ್ಕೆ ಮಾತ್ರ ದುಡ್ಡು ಕೊಡಿ ಸಾರ್" ಅಂದ. ಕೊಟ್ಟೆ, ಲೆಕ್ಕ ಗೊತ್ತಿರೋನ ಜೊತೆ ಚೌಕಾಸಿ ಮಾಡೋಕಾಗುತ್ತಾ.

ಡಿಕ್ಕಿ ತೆಗೆದು ಸ್ಟೆಪ್ನಿ ಆಚೆ ಎಳೆದಾಗ ಮಾತ್ರ ಅಂಗಡಿಯವರೆಲ್ಲಾ ಬಂದು ಸುತ್ತ ನಿಂತ್ರು. ಅದು ಕಾರಿನ ಜೊತೆಗೇ ಬಂದಿದ್ದು, 2009ರದ್ದು, ಒಂದು ದಿನಾನೂ ನೆಲ ಮುಟ್ಟಿಲ್ಲ, ಹೊಸ ಟೈರಿಗಿರೋ ರಬ್ಬರ್ ಕೂದಲು ಕೂಡ ಹಂಗೇ ಇತ್ತು, ಅದೇ ವರ್ಷ ನನ್ನ ತಲೇಲಿದ್ದಿದ್ದರಲ್ಲಿ ಕಾಲು ಭಾಗಾನೂ ಈಗ ಉಳಿದಿಲ್ಲ. ನೋಡೋಕೆ ಮದುಮಗ, ಮುಟ್ಟಿದ್ರೆ ಕಲ್ಲು. "ಇದನ್ನ ಹಾಕ್ಬೇಡಿ ಸಾರ್, ದಸರಾ ವಸ್ತುಪ್ರದರ್ಶನಕ್ಕೆ ಕೊಡಿ" ಅಂದ ಹುಡುಗ. ಹಳೇ ನಾಲ್ಕರಲ್ಲಿ ಇದ್ದುದರಲ್ಲೇ ವಾಸಿ ಅನ್ನೋದನ್ನ ಸ್ಟೆಪ್ನಿ ಮಾಡಿ, ಮಿಕ್ಕವಕ್ಕೆ ಒಂದಕ್ಕೆ ನೂರು ರೂಪಾಯಿ ಅಂದಿದ್ದಕ್ಕೆ ರೋಷ ಬಂದು ನಾಲ್ಕನ್ನೂ ಮನೆಗೇ ತಂದು ಮಹಡಿ ಮೇಲೆ ಹಾಕಿದೆ. ಹದಿನೈದು ದಿನಕ್ಕೆ ಆಶಾ ಕಾರ್ಯಕರ್ತೆ ಬಂದು ಟೈರಲ್ಲಿ ನಿಂತ ನೀರಿಗೆ ಟಾರ್ಚ್ ಬಿಟ್ಟು ಸೊಳ್ಳೆ ಮರಿ ತೋರಿಸಿ, "ಮೇಷ್ಟ್ರಾಗಿ ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸಾರ್" ಅಂತ ಬೀದಿಗೆಲ್ಲಾ ಕೇಳೋ ಹಂಗೆ ಬೈದು ಹೋದ್ಮೇಲೆ ನೂರು ರೂಪಾಯೂ ಇಲ್ದೆ ಗುಜರಿಗೆ ಹೋದ್ವು.

ಅದಕ್ಕೆ ಮುಂಚೆ, ಅಕ್ಟೋಬರ್ 1ಕ್ಕೆ, ಮೈಸೂರಲ್ಲಿ ಆಯುಧಪೂಜೆ. ಮಾವ ಕನ್ನಡಕ ಹಾಕ್ಕೊಂಡು ಸ್ಟೂಲ್ ತಂದು ಚಕ್ರದ ಮುಂದೆ ಕೂತ್ರು. ಬೆರಳಲ್ಲಿ ತಡವಿದ್ರು, ಹತ್ರ ಹೋಗಿ ಮೂಸಿದ್ರು. ಯಾವ ಫ್ಯಾಕ್ಟರಿದು ಅಂತ ಸೈಡಲ್ಲಿ ಅಕ್ಷರ ಹುಡುಕ್ತಿದ್ರು, ನಂಗೆ ಎದೆ ಡವಡವ, ಅಷ್ಟರಲ್ಲಿ ನಮ್ಮತ್ತೆ ಬಂದು ಅರಿಶಿನ ಕುಂಕುಮ ವಿಭೂತಿ ಮೂರನ್ನೂ ಸರಿಯಾಗಿ ಅಲ್ಲೇ ಮೆತ್ತಿಬಿಟ್ರು. ಮಾವ ಎದ್ದು "ವಾಸನೆ ನಮ್ದೇ" ಅಂದ್ರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಪಚಕ್ ಅಂತ ಒಂದೇ ಸಲಕ್ಕೆ ಅಪ್ಪಚ್ಚಿ. ಒದ್ದೆ ನೆಲದ ಹಿಡಿತದ ಮೊದಲ ಪರೀಕ್ಷೆ ಪಾಸು ಅಂತ ನಾನೊಬ್ಬನೇ ನಕ್ಕೆ.

ಎರಡನೇ ಪರೀಕ್ಷೆ ಅದೇ ತಿಂಗಳು, ಅದೇ ಸರ್ವಿಸ್ ರೋಡಲ್ಲಿ, ಮೈಸೂರಿಂದ ವಾಪಸ್ ಬರ್ತಾ. ಮತ್ತೆ ಮಳೆ. ನಾಯಿಯೊಂದು ಅಡ್ಡ ಬಂತು. ಬ್ರೇಕ್ ತುಳಿದೆ ನೋಡಿ, ಕಾರು ನೆಟ್ಟ ಗೂಟದಂಗೆ ನಿಂತ್ಕೊಂಡ್ತು. ನಾಯಿಗೇ ಆಶ್ಚರ್ಯ ಆಗಿ ನಿಂತು ನೋಡ್ತು. ನಾನು ಹೆಂಡ್ತಿ ಕಡೆ ತಿರುಗಿ, ನೋಡ್ದಾ, ಅನ್ನೋಷ್ಟರಲ್ಲಿ ಹಿಂದಿಂದ ಢಬ್.

ಇಳಿದು ನೋಡಿದ್ರೆ ಎಳನೀರು ತುಂಬಿದ ಗೂಡ್ಸ್ ಆಟೋ, ಅದರ ಮುಂದಿನ ಚಕ್ರ ಕನ್ನಡಿ ಥರ ನುಣ್ಣಗೆ. ನಮ್ಮ ಬಂಪರ್ ಒಳಕ್ಕೆ ಹೋಗಿತ್ತು, ಎರಡು ಎಳನೀರು ಉರುಳ್ಕೊಂಡು ಬಂದು ನನ್ನ ಕಾಲತ್ರ ನಿಂತಿದ್ವು. ನಂಗೆ ಟ್ರಾಕ್ಟರ್ ಅಣ್ಣ ಜ್ಞಾಪಕ ಬಂದು ಬೈಯೋಕೂ ಬಾಯಿ ಬರಲಿಲ್ಲ. ಅವನು ಬಂಪರ್ ಕಡೆ ನೋಡಲೇ ಇಲ್ಲ. ಬಗ್ಗಿ ನನ್ನ ಹಿಂದಿನ ಚಕ್ರನ ಅಂಗೈಲಿ ಸವರಿ ನೋಡ್ದ.

"ಹೊಸವಾ ಸಾ? ಅದ್ಕೇ ಹಿಂಗ್ ನಿಂತದೆ. ಎಷ್ಟ್ ಬಿತ್ತು ಒಂದ್ಕೆ?"

"3,950."

"ಅಯ್ಯೋ, ನಮ್ ಷಡ್ಕ ಮೈಸೂರಲ್ಲಿ ಟೈರ್ ಅಂಗ್ಡಿಲೇ ಅವ್ನೆ, 3,600ಕ್ ಕೊಡುಸ್ತಿದ್ದೆ ಬುಡಿ."