ರೈನ್ ದಡದಲ್ಲೊಂದು ಮಂಗಳಾರತಿ

ಊರಿಂದ ಬಂದ ಅತ್ತೆ-ಮಾವನನ್ನು ಫ್ರಾಂಕ್‌ಫರ್ಟಿನಿಂದ ಒಂದೇ ದಿನದಲ್ಲಿ ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬರಬೇಕು ಅಂದರೆ ರೂಡೆಸ್‌ಹೈಮ್ ಒಳ್ಳೇ ಜಾಗ. ಮುಂದೆ ರೈನ್ ನದಿ, ಹಿಂದೆ ಗುಡ್ಡ, ಗುಡ್ಡದ ತುಂಬ ವೈನ್ ಮಾಡುವ ರೀಸ್ಲಿಂಗ್ ದ್ರಾಕ್ಷಿ. 'ನೋಡೋದು ಅಷ್ಟೇ, ಯಾರೂ ಏನೂ ಮುಟ್ಟೋ ಹಾಗಿಲ್ಲ' ಅಂತ ಅತ್ತೆ ರೈಲು ಹತ್ತುವಾಗಲೇ ತಾಕೀತು ಮಾಡಿದ್ದರು. ಅವತ್ತು ಏಕಾದಶಿ ಬೇರೆ.

ಅಲ್ಲಿನ ಡ್ರೊಸೆಲ್‌ಗಾಸ್ಸೆ ಓಣಿ 144 ಮೀಟರ್ ಉದ್ದ. ಎರಡೂ ಕಡೆ ವೈನ್ ಅಂಗಡಿ, ಹಾಡು, ಗಲಾಟೆ. ಅತ್ತೆ ಮೂಗಿಗೆ ಸೆರಗು ಹಿಡಿದು ಅಷ್ಟನ್ನೂ ಒಂದೇ ಉಸಿರಿಗೆ ದಾಟಿದರು. ಆಮೇಲೆ ಕೇಬಲ್ ಕಾರು. ಒಂದು ಡಬ್ಬಿಗೆ ಇಬ್ಬರೇ. ದ್ರಾಕ್ಷಿ ತೋಟದ ಮೇಲೆ ತೇಲಿಕೊಂಡು ಹೋದರೆ ತುದಿಯಲ್ಲಿ ಜರ್ಮೇನಿಯಾ, ಅಂದರೆ ಜರ್ಮನಿಯ 'ಭಾರತ ಮಾತೆ'ಯಂಥವಳ ಸ್ಮಾರಕ. 1883ರಲ್ಲಿ ಉದ್ಘಾಟನೆಯಾದದ್ದು, 38 ಮೀಟರ್ ಎತ್ತರ. ಮಾವ ತಲೆಯೆತ್ತಿ ನೋಡಿ, 'ಕಾಫಿ ಎಲ್ಲಿ ಸಿಗತ್ತಮ್ಮಾ?' ಅಂದರು.

ಕೆಳಗೆ ಬರುವಾಗ ಅವರ ಮಂಕಿ ಕ್ಯಾಪ್ ಗಾಳಿಗೆ ಹಾರಿ ತೋಟದೊಳಗೆ ಬಿತ್ತು. ಇಬ್ಬರನ್ನೂ ಒಂದು ಹೋಟೆಲಿನಲ್ಲಿ ಕೂರಿಸಿ, ಟಿಕೆಟ್ ಕೊಡುವವರಿಗೆ ನನ್ನ ಹರಕು ಜರ್ಮನ್‌ನಲ್ಲಿ ಮಂಕಿ ಕ್ಯಾಪ್ ಅಂದರೇನು ಅಂತ ವಿವರಿಸಲು ಹೋದೆ. ಅವರಿಗೆ ಕೊನೆಗೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಮಾವ ಮೆನುವಿನ ಚಿತ್ರಕ್ಕೆ ಬೆರಳಿಟ್ಟು, ಊರಿನ ಹೆಸರೇ ಇರುವ ಎರಡು ಕಾಫಿ ಹೇಳಿಬಿಟ್ಟಿದ್ದರು. ರೂಡೆಸ್‌ಹೈಮರ್ ಕಾಫಿ! ಹೂವಿನ ಚಿತ್ರದ ಕಪ್ಪು. ತಳದಲ್ಲಿ ಮೂರು ಸಕ್ಕರೆ ಉಂಡೆ. ಅದರ ಮೇಲೆ ಇದೇ ಊರಲ್ಲಿ ಹುಟ್ಟಿದ ಆಸ್ಬಾಖ್ ಬ್ರಾಂದಿ. ನಾನು ಓಡಿ ಬರುವ ಹೊತ್ತಿಗೆ ಹುಡುಗಿ ಉದ್ದನೆ ಕಡ್ಡಿಯಿಂದ ಕಪ್ಪಿಗೇ ಬೆಂಕಿ ಹಚ್ಚಿ, ಚಮಚದಲ್ಲಿ ಕಲಕುತ್ತಿದ್ದಳು. ನೀಲಿ ಜ್ವಾಲೆ ಏಳುತ್ತಿತ್ತು. ಅತ್ತೆ ಅಭ್ಯಾಸಬಲದಿಂದ ಎರಡೂ ಕೈ ಚಾಚಿ, ಬಿಸಿ ತಗೊಂಡು ಕಣ್ಣಿಗೆ ಒತ್ತಿಕೊಂಡರು.

ಹುಡುಗಿ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಮೆನು ಓದತೊಡಗಿದೆ.

ಕಾಫಿ ಸುರಿದು, ಮೇಲೆ ಕೆನೆ, ಅದರ ಮೇಲೆ ಚಾಕ್ಲೇಟ್ ಚೂರು ಉದುರಿಸಿ ಅವಳು ಹೋದಳು. ಅತ್ತೆ ಮೂಸಿ ನೋಡಿ, 'ಏನ್ರೀ ಇದು, ಟಿಂಕ್ಚರ್ ವಾಸನೆ!' ಅಂದರು. ವಿಷಯ ಹೇಳಲೇಬೇಕಾಯಿತು. ಅತ್ತೆ ಕುರ್ಚಿ ಸಮೇತ ಹಿಂದೆ ಸರಿದರು. ಮಾವ ಮಾತ್ರ ಕಪ್ಪನ್ನು ಬಿಡಲಿಲ್ಲ. 'ಇದ್ದದ್ದೆಲ್ಲ ಉರಿದು ಹೋಯ್ತಲ್ಲೇ. ಅಗ್ನಿ ಮುಟ್ಟಿದ ಮೇಲೆ ಎಲ್ಲ ಶುದ್ಧ' ಅಂದರು. ಪೂರ್ತಿ ಉರಿದು ಹೋಗಿರಲ್ಲ ಅಂತ ಹೇಳುವುದು ಸೊಸೆಯ ಕೆಲಸವಲ್ಲ, ಅಲ್ವಾ? ದುಡ್ಡು ಯಾಕೆ ದಂಡ ಅಂತ ಅತ್ತೆಯ ಕಪ್ಪನ್ನೂ ಅವರೇ ಮುಗಿಸಿದರು.

ಎದುರು ದಡದ ಬಿಂಗೆನ್ ಊರಿನ ಕಡೆಗೆ ಹೋಗುವ ದೋಣಿ ಹಿಡಿಯಬೇಕಿತ್ತು. ಊರಿಗೂ ನದಿಗೂ ನಡುವೆ ರೈಲು ಹಳಿ. ಗೇಟು ಹಾಕಿತ್ತು. ಒಂದು ಗೂಡ್ಸ್ ಹೋಯಿತು, ಇನ್ನೊಂದು ಬಂತು. ಆಚೆ ದೋಣಿ ಹೊರಟೇಬಿಟ್ಟಿತು. ನನಗೆ ತಲೆಬಿಸಿ. ಹುಬ್ಬಳ್ಳಿಯಲ್ಲಿ ಗಾರ್ಡ್ ಆಗಿ ರಿಟೈರಾದ ಮಾವನಿಗೆ ಮಾತ್ರ ಆಗ ಟೂರು ಶುರುವಾಗಿತ್ತು. ಅತ್ತೆಯ ಹೆಗಲಿಂದ ಹಸಿರು ಶಾಲು ಎಳೆದುಕೊಂಡು, ನೆಟ್ಟಗೆ ನಿಂತು ಬೀಸಿದರು. ಗೂಡ್ಸಿನ ಡ್ರೈವರ್ ಜೋರಾಗಿ ಹಾರ್ನ್ ಹೊಡೆದ.

'ನೋಡಿದ್ಯಾ?' ಅಂದರು ಮಾವ.

'ಶಾಲು ಕೊಡಿ, ಚಳಿ' ಅಂದರು ಅತ್ತೆ.