ಏಳನೇ ಸೆಮ್‌ನ್ಯಾಗ ಬಂದ್ರ ಏನ್ ಹೇಳ್ಲಿ?

ಹೋದ ರವಿವಾರ ಮುಂಜಾನೆ ಚಹಾ ಕುಡಿಯುತ್ತ ಕುಂತಿದ್ದೆ. ಮುಧೋಳ ಕಡೆಯ ನಮ್ಮ ದೂರದ ಬೀಗರೊಬ್ಬರು ಮಗನನ್ನು ಕರಕೊಂಡು ಬಂದರು. ಕೈಯಲ್ಲಿ ಒಂದು ಬೆಲ್ಲದ ಪೆಂಟಿ. ಹುಡುಗ ಇಲ್ಲೇ ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾನೆ, ಎಂಟು ಸೆಮಿಸ್ಟರಿನಲ್ಲಿ ಏಳನೇ ಸೆಮ್.

"ಅಣ್ಣಾರ, ಇವಂಗ ಮುಂದ ಏನರ ಒಂದ್ ದಾರಿ ಹೇಳ್ರಿ."

"ಏನ್ ಮಾಡಬೇಕಂತ ಮಾಡೀ ತಮ್ಮಾ?" ಅಂದೆ.

"ಏನಾದ್ರೂ ನಡೀತೈತ್ರಿ ಕಾಕಾ."

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸಣ್ಣದೊಂದು ಮಷಿನ್ ಶಾಪ್ ನಡೆಸುವ ನನ್ನ ಹತ್ತಿರ ವರ್ಷಕ್ಕೆ ಹತ್ತಾರು ಹುಡುಗರು ಬರುತ್ತಾರೆ. ಮುಕ್ಕಾಲು ಪಾಲು ಬಾಯಲ್ಲಿ ಇದೇ ಮಾತು. ಬರುವುದೂ ಏಳನೇ ಸೆಮ್‌ನಲ್ಲೇ. ಬಸ್ಸು ಸ್ಟ್ಯಾಂಡು ಬಿಟ್ಟ ಮೇಲೆ ಟಿಕೆಟ್ ಎಲ್ಲಿಗೆ ತಗೊಳ್ಳಲಿ ಅಂತ ಕೇಳಿದ ಹಾಗೆ.

ಕಾಲೇಜಿನಲ್ಲಿ ಯಾರೂ ಏನೂ ಹೇಳಲಿಲ್ಲವೇ ಅಂದರೆ, ಹೇಳಿದ್ದಾರಂತೆ. ಐದನೇ ಸೆಮ್‌ನಲ್ಲಿ ಒಂದು ಕರಿಯರ್ ಗೈಡನ್ಸ್ ಕಾರ್ಯಕ್ರಮ ಆಗಿತ್ತು. ದೊಡ್ಡ ಹಾಲು, ಎಲ್ಲ ಬ್ರಾಂಚಿನ ಹುಡುಗರು ಒಟ್ಟಿಗೆ, ಬೆಂಗಳೂರಿಂದ ಬಂದ ಭಾಷಣಕಾರರು, ದೊಡ್ಡ ಕನಸು ಕಾಣಿರಿ ಎಂಬ ಉಪದೇಶ, ಕೊನೆಗೆ ಗ್ರೂಪ್ ಫೋಟೊ. ಆಡಿಕೊಳ್ಳುವ ಅಧಿಕಾರ ನನಗೂ ಇಲ್ಲ, ಅಂಥ ವೇದಿಕೆಗಳ ಮೇಲೆ ನಾನೂ ನಿಂತಿದ್ದೇನೆ. ಹೊದಿಸಿದ ಶಾಲು ಏಳೆಂಟು ಬೀರುವಿನಲ್ಲಿವೆ, ಒಂದೂ ಬೆಳಗಾವಿ ಚಳಿ ತಡೆಯುವಂಥದ್ದಲ್ಲ.

ನಾನೂರು ಹುಡುಗರಿಗೆ ಮೈಕಿನಲ್ಲಿ ಹೇಳುವ ಮಾತು ಸಲಹೆ ಆಗುವುದಿಲ್ಲ ಅಂತ ಈಗ ನನಗೆ ಖಾತ್ರಿಯಾಗಿದೆ. ಸಲಹೆ ಅಂದರೆ ಒಬ್ಬ ಹುಡುಗನ ಮಾರ್ಕ್ಸ್ ಕಾರ್ಡು ಮುಂದೆ ಇಟ್ಟುಕೊಂಡು, ಅವನ ಮನೆಯ ಲೆಕ್ಕ ಕೇಳಿ, ಆಮೇಲೆ ಬಾಯಿ ತೆರೆಯುವುದು. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ಅದಕ್ಕೆ ಬೆಲೆ ತೆತ್ತವನು ಇನ್ನೊಬ್ಬ.

2016ರಲ್ಲಿ ಒಬ್ಬ ಹುಡುಗ ಬಂದಿದ್ದ. ಚುರುಕು, ಡ್ರಾಯಿಂಗ್ ಓದುವುದರಲ್ಲಿ ಪಳಗಿದವನು. ಕೈಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಆಫರ್ ಇತ್ತು. ನಾನು ಆಗ ಊರಿನ ಅಭಿಮಾನದ ಭರದಲ್ಲಿದ್ದೆ. "ಕೋರ್ ಬಿಟ್ಟು ಎಲ್ಲಿ ಹೋಗ್ತಿಯಲೇ, ಇಲ್ಲೇ ಇರು, ಐದು ವರ್ಷದಾಗ ಎಲ್ಲಿಗೋ ಹೋಗ್ತಿ" ಅಂದೆ. ಕೋರ್ ಅಂದರೆ ಓದಿದ ಬ್ರಾಂಚಿನದೇ ಕೆಲಸ. ನಾನೇ ಪರಿಚಯದ ಒಂದು ಕಾರ್ಖಾನೆಯಲ್ಲಿ ಸೇರಿಸಿದೆ. ಮೂರು ವರ್ಷ ಹೇಳಿಕೊಳ್ಳುವಂಥ ಪಗಾರ ಏರಲಿಲ್ಲ. ಅವನ ಮನೆಯಲ್ಲಿ ಅಕ್ಕನ ಮದುವೆಯ ಸಾಲ ಇತ್ತು. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಆಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ನಕ್ಕೊಂತನೇ "ನೀವ ಹೇಳಿದ್ರೆಲ್ರಿ ಕಾಕಾ" ಅಂದ. ಅಷ್ಟೇ. ಬುಂದಿ ಬಡಿಸುವವರು ಬಂದರು, ಮಾತು ಬೇರೆ ಕಡೆ ಹೋಯಿತು. ಆ ನಗು ಮಾತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಹಾಗಂತ ಕೋರ್ ಬೇಡ, ಎಲ್ಲರೂ ಗಾಡಿ ಹತ್ತಿರಿ ಅಂತ ಹೇಳುತ್ತಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯು 1998ರಿಂದ ನಮ್ಮೂರಲ್ಲೇ ಇದೆ. ಅದರ ಕ್ಯಾಂಪಸ್ ಜ್ಞಾನಸಂಗಮಕ್ಕೂ ಉದ್ಯಮಬಾಗಕ್ಕೂ ನಡುವೆ ಕೆಲವೇ ಕಿಲೋಮೀಟರ್. ಇಲ್ಲಿ ಫೌಂಡ್ರಿಗಳಿವೆ, ಹೈಡ್ರಾಲಿಕ್ ವಾಲ್ವು ಮಾಡುವವರಿದ್ದಾರೆ. ಹೆದ್ದಾರಿ ಹಿಡಿದು ಹತ್ತರಗಿಗೆ ಹೋದರೆ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಸಕ್ಕರೆ ತಂತ್ರಜ್ಞಾನ ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲೇ ಇದೆ. ಮುಧೋಳ, ಜಮಖಂಡಿ, ಅಥಣಿಯ ಕಬ್ಬಿನ ಗದ್ದೆಗಳಿಂದ ಬಂದ ಎಷ್ಟು ಹುಡುಗರಿಗೆ ಅದರ ಹೆಸರು ಗೊತ್ತು? ಬಸವನ ಬಾಗೇವಾಡಿ ಕಡೆಯ ಎಲೆಕ್ಟ್ರಿಕಲ್ ಹುಡುಗ ದಿನಾ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತ ಬೆಳೆದಿರುತ್ತಾನೆ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2,400. ಅಂಥ ಕಡೆ ಎಂಜಿನಿಯರ್ ಆಗಿ ಸೇರಲು ಎಂಜಿನಿಯರಿಂಗಿನ ರಾಷ್ಟ್ರಮಟ್ಟದ ಪರೀಕ್ಷೆ ಗೇಟ್‌ನ ಅಂಕ ಒಂದು ದಾರಿ, ಆ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ 3 ವರ್ಷ ನಡೆಯುತ್ತದೆ. ಇದನ್ನು ಅವನಿಗೆ ಹೇಳುವವರು ಯಾರು? ಏಳನೇ ಸೆಮ್‌ನಲ್ಲಿ ಗೊತ್ತಾದರೆ ತಯಾರಿಗೆ ಉಳಿಯುವುದು ನಾಲ್ಕೈದು ತಿಂಗಳು, ಅದರಲ್ಲೂ ಅರ್ಧ ಇಂಟರ್ನಲ್ಸು, ಲ್ಯಾಬಿನಲ್ಲಿ ಹೋಗುತ್ತದೆ.

ಕ್ಯಾಂಪಸ್ಸಿಗೆ ಬರುವ ದೊಡ್ಡ ಕಂಪನಿಗಳದ್ದೂ ಹೀಗೇ. ಬಹಳಷ್ಟು ಕಡೆ ಹತ್ತನೇ ತರಗತಿಯಿಂದ ಬಿಇ ತನಕ ಶೇ 60 ಇರಬೇಕು, ಬ್ಯಾಕ್, ಅಂದರೆ ಪಾಸಾಗದ ವಿಷಯ, ಉಳಿದಿರಬಾರದು. ಮೂರನೇ ಸೆಮ್‌ನ ಗಣಿತ ಉಳಿಸಿಕೊಂಡವನಿಗೆ ಆ ಬಾಗಿಲು ಅವನಿಗೆ ಅರಿವಿಲ್ಲದೆಯೇ ಮುಚ್ಚಿರುತ್ತದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆ ಇದು ಇನ್ನೂ ಬಿಗಿ. ಕೈಕೆಲಸದಲ್ಲಿ ಅವರೇ ಮುಂದೆ, ಗಣಿತದಲ್ಲಿ ಎಡವುತ್ತಾರೆ.

ಇನ್ನು ಸರ್ಟಿಫಿಕೇಟಿನ ಹುಚ್ಚು. ಪದವಿಗೆ ಪಠ್ಯದ ಹೊರಗಿನ ಚಟುವಟಿಕೆಗಳಿಂದ 100 ಆಕ್ಟಿವಿಟಿ ಪಾಯಿಂಟ್ ಬೇಕು, ಕೊನೆಯ ವರ್ಷ ಇಂಟರ್ನ್‌ಶಿಪ್ ಬೇಕು. ನಿಯಮ ಒಳ್ಳೆಯದೇ. ಆದರೆ ನನ್ನ ಶಾಪಿಗೆ ಬರುವವರಲ್ಲಿ ಕೆಲವರು ಕೇಳುವ ಮೊದಲ ಪ್ರಶ್ನೆ, "ಸರ್ರ, ಶಾಪಿಗೆ ಬರಲಾರದನ ಇಂಟರ್ನ್‌ಶಿಪ್ ಲೆಟರ್ ಕೊಡ್ತೀರೇನ್ರಿ?" ಒಬ್ಬ ಅಪ್ಪ ಬಂದೂ ಕೇಳಿದ್ದಾರೆ. ಸಿಟ್ಟಿಗೆದ್ದೆ, ಆಮೇಲೆ ಚಹಾ ಕುಡಿಸಿ ಕಳಿಸಿದೆ.

ರವಿವಾರದ ಹುಡುಗನಿಗೆ ಬರೋಣ. "ಪ್ರಾಜೆಕ್ಟ್ ಏನ್ ಮಾಡೀ?" ಅಂದೆ. ಸೋಲಾರ್ ಗ್ರಾಸ್ ಕಟರ್. ಮೋಟರಿನ ಆರ್‌ಪಿಎಂ ಎಷ್ಟು ಅಂದರೆ ಸುಮ್ಮನಾದ. "ಇಂಗ್ಲೀಷ್ ಸ್ವಲ್ಪ ತ್ರಾಸ ಐತ್ರಿ ಅವಂಗ" ಅಂತ ಅಪ್ಪನೇ ನಡುವೆ ಬಂದರು. "ಇಂಗ್ಲೀಷ್ ಯಾರ ಕೇಳ್ಯಾರ? ಕನ್ನಡದಾಗ ಹೇಳು" ಅಂದೆ. ಕನ್ನಡದಲ್ಲೂ ಆಗಲಿಲ್ಲ. ಪ್ರಾಜೆಕ್ಟು ನಾಲ್ವರು ಸೇರಿ ರೆಡಿಮೇಡ್ ಕೊಂಡದ್ದು ಅಂತ ಒಪ್ಪಿಕೊಂಡ.

"ಹೋಗ್ಲಿ, ನಿಮ್ಮ ಹೊಲದ ಪಂಪಿನ ಬಗ್ಗೆ ಹೇಳು" ಅಂದೆ. ಹತ್ತು ನಿಮಿಷ ನಿಲ್ಲಲಿಲ್ಲ. ಫುಟ್‌ವಾಲ್ವಿನಲ್ಲಿ ಕಸ ಸಿಕ್ಕರೆ ನೀರು ಯಾಕೆ ಇಳಿದುಹೋಗುತ್ತದೆ, ಗ್ಲ್ಯಾಂಡು ಯಾವಾಗ ಬಿಗಿಯಬೇಕು, ಒಂದು ಫೇಸ್ ಹೋದಾಗ ಮೋಟರಿನ ಸಪ್ಪಳ ಹೇಗೆ ಬದಲಾಗುತ್ತದೆ, ಎಲ್ಲ ಬಂತು. ಅಪ್ಪನಿಗೆ ಖುಷಿ, "ಹಂಗಾರ ಪಂಪಿನ ಕಂಪನಿಗೇ ಹಾಕೋಣೇನ್ರಿ?" ಅಂದರು. ಅಷ್ಟು ಸಲೀಸಲ್ಲ ಇದು. ಪಂಪು ಬಿಚ್ಚಿದವನೆಲ್ಲ ಪಂಪಿನ ಎಂಜಿನಿಯರ್ ಆಗುವುದಿಲ್ಲ. ನನಗೆ ತಿಳಿದದ್ದು ಇಷ್ಟೇ, ತಾನು ಕೈಯಾರೆ ಮಾಡಿದ್ದನ್ನು ಈ ಹುಡುಗ ಹೇಳಬಲ್ಲ. ಅಂದ ಮೇಲೆ ಅವನ ತೊಂದರೆ ಇಂಗ್ಲೀಷಲ್ಲ, ನಾಲ್ಕು ವರ್ಷದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಮಾಡಿಲ್ಲ ಅನ್ನುವುದು.

ಆಮೇಲೆ ಹಾಳೆ ತಗೊಂಡು ಪಗಾರದ ಲೆಕ್ಕ ಬರೆದೆ. ಬೆಂಗಳೂರಿನಲ್ಲಿ ವರ್ಷಕ್ಕೆ 3.36 ಲಕ್ಷದ ಪ್ಯಾಕೇಜ್ ಅಂದರೆ ತಿಂಗಳಿಗೆ 28 ಸಾವಿರ, ಅಷ್ಟೂ ಕೈಗೆ ಬರುತ್ತದೆ ಅಂತ ಅಪ್ಪನ ನಂಬಿಕೆ. ಬೇಸಿಕ್ ಅರ್ಧ ಅಂತ ಹಿಡಿಯಿರಿ, 14 ಸಾವಿರ. ಅದರ ಶೇ 12 ಕಂಪನಿ ಪಾಲಿನ ಪಿಎಫ್, 1,680 ರೂಪಾಯಿ. ಅದೂ ಆ 28 ಸಾವಿರದ ಒಳಗಿನದೇ. ಮುಂದೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ 670 ಚಿಲ್ಲರೆ, ಅದೂ ಅದರೊಳಗಿನದೇ. ನಿಮ್ಮ ಪಾಲಿನ ಪಿಎಫ್ ಮತ್ತೆ 1,680. ವೃತ್ತಿ ತೆರಿಗೆ 200. ಉಳಿದದ್ದು 23,700 ಚಿಲ್ಲರೆ. ಇದರಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು, ವರ್ಷಕ್ಕೆ ನಾಲ್ಕು ಸಲ ಊರಿಗೆ ಬಂದು ಹೋಗುವುದು. ಇಲ್ಲಿ ಪಗಾರ ಅದಕ್ಕಿಂತ ಕಡಿಮೆ, ಸುಳ್ಳು ಹೇಳುವುದಿಲ್ಲ. ಎರಡನ್ನೂ ಎದುರುಬದುರು ಬರೆದು ನೋಡಿದ ಮೇಲೆ ಬೆಂಗಳೂರೇ ಸರಿ ಅನಿಸಿದರೆ ಹೋಗಲಿ, ಸಂತೋಷ.

ಹಾಳೆಯ ಕೆಳಗೆ ಜಾಗ ಉಳಿದಿತ್ತು. 2016ರ ಹುಡುಗನಿಗೆ ಕೇಳದೆ ಬಿಟ್ಟದ್ದನ್ನು ಕೇಳಿದೆ. "ಮನಿ ಮ್ಯಾಲ ಸಾಲ ಎಷ್ಟೈತ್ರಿ?"

ಅಪ್ಪ ಬಹಳ ಹೊತ್ತು ಲೋಟ ತಿರುಗಿಸುತ್ತ ಕುಂತರು. "ಇವನ ಓದಿಂದು ಬ್ಯಾಂಕಿನಾಗ ಮೂರೂವರಿ ಲಕ್ಷ ಐತ್ರಿ. ಸೊಸೈಟಿದು ಬ್ಯಾರೆ."

ಹುಡುಗ ಆಗ ತಲೆ ಎತ್ತಿದ. ಸೊಸೈಟಿಯದು ಅವನಿಗೆ ಗೊತ್ತಿರಲಿಲ್ಲ.

ಓದಿನ ಸಾಲಕ್ಕೆ ಕೋರ್ಸ್ ಮುಗಿದು ಒಂದು ವರ್ಷದ ತನಕ ಸಾಮಾನ್ಯವಾಗಿ ಕಂತು ಕೇಳುವುದಿಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ ಅಂತ ವಿವರಿಸಿದೆ. ಅಂದ ಮೇಲೆ ಇವನಿಗೆ ಕೆಲಸ ಬಿಟ್ಟು ಎರಡು ವರ್ಷ ಕೋಚಿಂಗು ಅನ್ನುವ ಮಾತು ಈಗ ಇಲ್ಲ. ಬ್ಯಾಕ್ ಇಲ್ಲ, ಶೇ 60ರ ಮೇಲಿದ್ದಾನೆ, ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಡ್ರೈವಿಗೆಲ್ಲ ಕೂಡಬೇಕು. ಇಂಟರ್ನ್‌ಶಿಪ್ ಮಾತ್ರ ಕಾಗದದ್ದಲ್ಲ, ನನ್ನ ಶಾಪಿನಲ್ಲೇ. ಮೊದಲ ತಿಂಗಳು ಮೈಕ್ರೊಮೀಟರ್ ಹಿಡಿದು ಜಾಬ್, ಅಂದರೆ ತಯಾರಾದ ಬಿಡಿಭಾಗ, ಅಳೆಯುವುದು, ರಿಜೆಕ್ಟ್ ಆದ ಪ್ರತಿ ಕ್ಯಾಸ್ಟಿಂಗಿಗೂ ಕಾರಣ ಬರೆಯುವುದು. ಅಪ್ಪನ ಮುಖ ಅರೆಮನಸ್ಸಿನದು. "ಇಷ್ಟ ಏನ್ರಿ?" ಅನ್ನುವ ಹಾಗೆ ನೋಡಿದರು. ಸದ್ಯಕ್ಕೆ ಇಷ್ಟೇ.

"ಶನಿವಾರ ಮುಂಜಾನೆ ಎಂಟೂವರಿಗೆ ಬಾ. ಚಪ್ಪಲಿ ಹಾಕ್ಕೊಂಡ್ ಬಂದ್ರ ಒಳಗ ಬಿಡೂದಿಲ್ಲ."

"ಬೂಟ್ ಇಲ್ರಿ ಕಾಕಾ."

ಶಾಪಿನಲ್ಲಿ ಎರಡು ಜೋಡಿ ಸೇಫ್ಟಿ ಶೂ ಹೆಚ್ಚಿಗೆ ಇವೆ, 8 ಮತ್ತು 9ನೇ ನಂಬರಿನವು. ಅವನದು 7 ಅಂತೆ. ನಾಳೆ ಖಡೇಬಜಾರಿಗೆ ಹೋಗಿ ಬರಬೇಕು.